ಡ್ರೆಸೆನ್ ನಿವೃತ್ತಿಗೆ ಬೀವರ್ ಕ್ರೀಕ್ ಒಂದೇ ಕಾರಣವೇ?
2018ರಲ್ಲಿ ಆಸ್ಟ್ರಿಯಾದ ಕಿಟ್ಸ್‌ಬ್ಯೂಲ್ ಸ್ಕೀ ರೇಸ್ ಗೆದ್ದ ಜರ್ಮನ್ ಸ್ಕೀಯರ್ ಥಾಮಸ್ ಡ್ರೆಸೆನ್ ಮೂವತ್ತಕ್ಕೇ ಯಾಕೆ ನಿಲ್ಲಿಸಿದ, ಅಮೆರಿಕದ ಬೀವರ್ ಕ್ರೀಕ್‌ನಲ್ಲಿ ಬಿದ್ದದ್ದರಿಂದಲೇನಾ ಅಂತ ಕೇಳಿದ್ದೀರಿ. ಅದೊಂದೇ ಅಲ್ಲ ಅನ್ನೋದು ನನ್ನ ಅಭಿಪ್ರಾಯ.

ಮೊದಲು ಆ ಗೆಲುವಿನ ತೂಕ ನೋಡಿ. ಕಿಟ್ಸ್‌ಬ್ಯೂಲ್‌ನ ಸ್ಟ್ರೈಫ್ ಇಳಿಜಾರಿನಲ್ಲಿ ಜರ್ಮನ್ನರೊಬ್ಬರು ಡೌನ್‌ಹಿಲ್ (ಸ್ಕೀಯಿಂಗ್‌ನ ಅತಿ ವೇಗದ ರೇಸ್) ಗೆದ್ದು ಆಗಲೇ 39 ವರ್ಷ ಆಗಿತ್ತು. 1979ರ ಸೆಪ್ ಫೆರ್ಸ್ಟ್ಲ್ ಆದಮೇಲೆ ಇವನೇ. ಸ್ವಿಸ್ ದಿಗ್ಗಜ ಬೇಆಟ್ ಫಾಯ್ಟ್ಸ್ ಆಗಲೇ ಮುಂದಿದ್ದ. 19ನೇ ನಂಬರ್ ತೊಟ್ಟು ಇಳಿದ ಈ ಹುಡುಗ 0.20 ಸೆಕೆಂಡಿನಲ್ಲಿ ಅವನನ್ನು ಹಿಂದೆ ಹಾಕಿಬಿಟ್ಟ. ಅದೇ ಮಾರ್ಚ್‌ನಲ್ಲಿ ನಾರ್ವೆಯ ಕ್ವಿಟ್‌ಫ್ಯೆಲ್ ರೇಸ್ ಕೂಡ ಗೆದ್ದ.

ಆ ನವೆಂಬರ್‌ನಲ್ಲೇ ಬೀವರ್ ಕ್ರೀಕ್‌ನ ಅಪಘಾತ. ಬಲಮಂಡಿಯ ಲಿಗಮೆಂಟ್ ಹರಿಯಿತು. ಆದರೆ ಅಲ್ಲಿಗೆ ಮುಗಿಯಲಿಲ್ಲ ನೋಡಿ. ಸುಮಾರು ಒಂದು ವರ್ಷದ ಮೇಲೆ ಕೆನಡಾದ ಲೇಕ್ ಲೂಯಿಸ್‌ನಲ್ಲಿ ಮರಳಿದ, ಮೊದಲ ರೇಸೇ ಗೆದ್ದ! 2020ರಲ್ಲಿ ತಾನು ಹುಟ್ಟಿದ ಗಾರ್ಮಿಶ್‌ನಲ್ಲಿ, ಆಮೇಲೆ ಆಸ್ಟ್ರಿಯಾದ ಜಾಲ್‌ಬಾಖ್‌ನಲ್ಲೂ ಗೆದ್ದ. ಒಟ್ಟು ಐದು ವಿಶ್ವಕಪ್ ಗೆಲುವು, ಐದೂ ಡೌನ್‌ಹಿಲ್. ಅಪಘಾತದ ನಂತರದವೇ ಮೂರು.

ಅವನನ್ನು ನಿಜವಾಗಿ ಕಟ್ಟಿಹಾಕಿದ್ದು ಅದರ ನಂತರದ ಕಾಟ. 2020ರ ಕೊನೆಗೆ ಸೊಂಟದ ಶಸ್ತ್ರಚಿಕಿತ್ಸೆ, ಮತ್ತೆ ಮಂಡಿ, 2021–22ರ ಸೀಸನ್ ಪೂರ್ತಿ ಹೊರಗೆ. ಗಂಟೆಗೆ 130 ಕಿ.ಮೀ. ವೇಗದಲ್ಲಿ ಮಂಜುಗಡ್ಡೆಯ ಮೇಲೆ ತಿರುವು ತೆಗೆಯುವಾಗ ಇಡೀ ಭಾರ ಹೊರಗಿನ ಕಾಲಿನ ಮೇಲೆ ಬೀಳುತ್ತೆ. ಆ ಕಾಲನ್ನೇ ನಂಬೋಕಾಗದಿದ್ರೆ ಧೈರ್ಯ ಎಷ್ಟಿದ್ದರೇನು? ಕೊನೆಗೆ 2024ರ ಜನವರಿಯಲ್ಲಿ ವಿದಾಯ ಹೇಳಿದ್ದೂ ಕಿಟ್ಸ್‌ಬ್ಯೂಲ್‌ನಲ್ಲೇ.