ಓದುಗರ ಪ್ರಶ್ನೆ, ನಮ್ಮ ಉತ್ತರ: ರಾಮಕೃಷ್ಣ ಹೆಗಡೆ ಮತ್ತು ರಾಜೀನಾಮೆಯ ಪ್ರಶ್ನೆ

ಪ್ರಶ್ನೆ: ಸಚಿವರೊಬ್ಬರ ಮೇಲೆ ಆರೋಪ ಬಂದಾಗಲೆಲ್ಲ ಹಿರಿಯರು ರಾಮಕೃಷ್ಣ ಹೆಗಡೆಯವರ ಹೆಸರು ಹೇಳುತ್ತಾರೆ. ಅವರು ಮೂರು ಬಾರಿ ರಾಜೀನಾಮೆ ಕೊಟ್ಟರಂತೆ. ಅವು ನೈತಿಕ ನಿರ್ಧಾರಗಳೋ, ರಾಜಕೀಯ ಲೆಕ್ಕಾಚಾರಗಳೋ?

ಉತ್ತರ: ಮೂರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದರಿಂದಲೇ ಈ ಗೊಂದಲ ಹುಟ್ಟುತ್ತದೆ. ಸಿದ್ದಾಪುರ ತಾಲ್ಲೂಕಿನಿಂದ ಬಂದ ಹೆಗಡೆಯವರು ನಿಜಲಿಂಗಪ್ಪ ಮತ್ತು ವೀರೇಂದ್ರ ಪಾಟೀಲರ ಸಂಪುಟಗಳಲ್ಲಿ ಪಳಗಿದವರು; 13 ಬಜೆಟ್ ಮಂಡಿಸಿದ ಅನುಭವಿ. 1983ರ ಜನವರಿಯಲ್ಲಿ ಬಿಜೆಪಿ ಮತ್ತು ಎಡಪಕ್ಷಗಳ ಬೆಂಬಲದಿಂದ ಅವರು ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರದ ಮುಖ್ಯಮಂತ್ರಿಯಾದಾಗ ಶಾಸಕರೂ ಆಗಿರಲಿಲ್ಲ. ಆಮೇಲೆ ಕನಕಪುರದ ಉಪಚುನಾವಣೆಯಲ್ಲಿ ಗೆದ್ದು ವಿಧಾನಸಭೆಗೆ ಬಂದರು.

1984ರ ಕೊನೆಯಲ್ಲಿ ನಡೆದ ಲೋಕಸಭಾ ಚುನಾವಣೆಯಲ್ಲಿ ಜನತಾ ಪಕ್ಷಕ್ಕೆ ರಾಜ್ಯದ 28 ಸ್ಥಾನಗಳಲ್ಲಿ ಸಿಕ್ಕಿದ್ದು 4 ಮಾತ್ರ. ಲೋಕಸಭೆಯಲ್ಲಿ ಸೋತರೆ ರಾಜ್ಯ ಸರ್ಕಾರ ಹೋಗಬೇಕೆಂದು ಸಂವಿಧಾನದಲ್ಲಿ ಎಲ್ಲಿಯೂ ಇಲ್ಲ, ವಿಧಾನಸಭೆಯಲ್ಲಿ ಅವರ ಬಹುಮತಕ್ಕೆ ಆಗ ಧಕ್ಕೆಯೂ ಬಂದಿರಲಿಲ್ಲ. ಆದರೂ ಜನಾದೇಶ ಕಳೆದುಕೊಂಡಿದ್ದೇವೆ ಎಂದು ಅವರು ರಾಜೀನಾಮೆ ಕೊಟ್ಟು, ಹೊಸ ಚುನಾವಣೆಗೆ ಹೋದರು. 1985ರ ಮಾರ್ಚ್‌ನಲ್ಲಿ ಅದೇ ಮತದಾರರು 224ರಲ್ಲಿ 139 ಸ್ಥಾನ ಕೊಟ್ಟರು. ಇದರಲ್ಲಿ ಲೆಕ್ಕಾಚಾರ ಇರಲಿಲ್ಲವೆಂದು ನಾನು ವಾದಿಸುವುದಿಲ್ಲ. ಆದರೆ ಇಂದಿರಾ ಗಾಂಧಿಯವರ ಹತ್ಯೆಯ ನಂತರದ ಅಲೆ ಇನ್ನೂ ಇಳಿಯದಿದ್ದ ಆ ದಿನಗಳಲ್ಲಿ ಸೋಲಿನ ಸಾಧ್ಯತೆ ನಿಜವಾಗಿಯೇ ಇತ್ತು, ಮತ್ತು ತೀರ್ಪು ಹೇಳುವ ಅಧಿಕಾರವನ್ನು ಅವರು ಜನರ ಕೈಗೇ ಒಪ್ಪಿಸಿದರು. ನನ್ನ ದೃಷ್ಟಿಯಲ್ಲಿ ಮೂರರಲ್ಲಿ ಅತ್ಯಂತ ಗಟ್ಟಿಯಾದದ್ದು ಇದೇ.

ಎರಡನೆಯದನ್ನು ಹೀಗೆ ಹೊಗಳಲಾರೆ. ಸಾರಾಯಿ ಬಾಟ್ಲಿಂಗ್ ಗುತ್ತಿಗೆಗಳನ್ನು ಸರ್ಕಾರ ನಿರ್ವಹಿಸಿದ ರೀತಿಯನ್ನು ಹೈಕೋರ್ಟ್ ಕಟುವಾಗಿ ಟೀಕಿಸಿದಾಗ, 1986ರ ಫೆಬ್ರವರಿ 13ರಂದು ಅವರು ರಾಜೀನಾಮೆ ಕೊಟ್ಟರು. ಮೂರೇ ದಿನಗಳಲ್ಲಿ, 16ರಂದು, ಅದನ್ನು ಹಿಂತೆಗೆದುಕೊಂಡರು. ಆ ಮೂರು ದಿನಗಳಲ್ಲಿ ನ್ಯಾಯಾಲಯದ ಮಾತು ಬದಲಾಗಿರಲಿಲ್ಲ, ಜನರನ್ನು ಯಾರೂ ಕೇಳಿರಲಿಲ್ಲ. ಹೊಣೆ ಹೊತ್ತು ಕೊಡುವ ರಾಜೀನಾಮೆಗೆ ಹೊಣೆ ಇತ್ಯರ್ಥವಾಗುವವರೆಗಾದರೂ ಬಾಳಿಕೆ ಇರಬೇಕು. ‘ಮೌಲ್ಯಾಧಾರಿತ ರಾಜಕಾರಣ’ ಎಂಬ ಅವರ ಮಾತನ್ನು ವಿರೋಧಿಗಳು ಆಮೇಲೆ ಅವರಿಗೇ ತಿರುಗಿಸಿ ಹೇಳುವುದಕ್ಕೆ ಅವಕಾಶ ಸಿಕ್ಕಿದ್ದು ಇಂಥ ಕಡೆಯೇ.

ಮೂರನೆಯದು 1988ರ ಆಗಸ್ಟ್ 10ರದ್ದು. ದೂರವಾಣಿ ಕದ್ದಾಲಿಕೆಗೆ ಗುರಿಯಾದವರಲ್ಲಿ ಅವರ ಸ್ವಂತ ಪಕ್ಷದವರೂ ಇದ್ದರೆಂಬುದು ಹೊರಬಿದ್ದಾಗ, ನೈತಿಕ ಹೊಣೆ ಹೊತ್ತು ಅವರು ಹೊರನಡೆದರು. ಎಸ್. ಆರ್. ಬೊಮ್ಮಾಯಿ ಮುಖ್ಯಮಂತ್ರಿಯಾದರು. ಪಕ್ಷದೊಳಗಿನ ಒಡಕು ಈ ನಿರ್ಗಮನಕ್ಕೆ ಒತ್ತಾಸೆಯಾಗಿತ್ತು ಎನ್ನುವುದು ಸರಿಯೇ. ಆದರೂ ಈ ಬಾರಿ ಕೊಟ್ಟದ್ದನ್ನು ಅವರು ಹಿಂದಕ್ಕೆ ಪಡೆಯಲಿಲ್ಲ, ಆ ಕುರ್ಚಿಯಲ್ಲಿ ಮತ್ತೆಂದೂ ಕೂರಲಿಲ್ಲ.

ಒಂದು ಮಾತನ್ನು ಸೇರಿಸಲೇಬೇಕು. ವಿವಾದಗಳ ಪಟ್ಟಿಯಲ್ಲಿ ಆ ಸರ್ಕಾರದ ಕೆಲಸ ಮರೆಯಾಗಬಾರದು. ಆಗಿನ ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಮುಂದಾಳತ್ವದಲ್ಲಿ ರೂಪುಗೊಂಡ ಜಿಲ್ಲಾ ಪರಿಷತ್ ಮತ್ತು ಮಂಡಲ ಪಂಚಾಯಿತಿ ವ್ಯವಸ್ಥೆಯಲ್ಲಿ ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲಿತ್ತು. ದೇಶದಾದ್ಯಂತ ಪಂಚಾಯಿತಿಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟ 73ನೇ ತಿದ್ದುಪಡಿ ಬಂದದ್ದು ಅದೆಷ್ಟೋ ವರ್ಷಗಳ ನಂತರ. ಲೋಕಾಯುಕ್ತ ಕಾಯ್ದೆಯೂ 1984ರಲ್ಲಿ ಇದೇ ಸರ್ಕಾರ ತಂದದ್ದು. ಅದೇ ಸಂಸ್ಥೆಯ ಗಣಿ ವರದಿಯ ಬೆನ್ನಿಗೆ 2011ರಲ್ಲಿ ಯಡಿಯೂರಪ್ಪನವರು ಮುಖ್ಯಮಂತ್ರಿ ಸ್ಥಾನ ಬಿಡಬೇಕಾಯಿತು. ಗಣಿಗೆ ಸಂಬಂಧಿಸಿದ ಸಿಬಿಐ ಪ್ರಕರಣದಲ್ಲಿ 2016ರಲ್ಲಿ ಅವರು ಖುಲಾಸೆಯಾದರು ಎಂಬುದನ್ನೂ ಹೇಳುವುದು ನ್ಯಾಯ.

ಪ್ರಶ್ನೆ: 1988ರ ನಂತರ ಹೆಗಡೆಯವರ ರಾಜಕೀಯ ಬದುಕು ಮುಗಿದೇ ಹೋಯಿತೇ?

ಉತ್ತರ: ಮುಗಿಯಲಿಲ್ಲ, ಆದರೆ ಹಳೆಯ ಎತ್ತರಕ್ಕೆ ಏರಲಿಲ್ಲ. ವಿ. ಪಿ. ಸಿಂಗ್ ಸರ್ಕಾರದಲ್ಲಿ ಯೋಜನಾ ಆಯೋಗದ ಉಪಾಧ್ಯಕ್ಷರಾಗಿದ್ದಾಗ, ಅವರ ಮೇಲಿನ ಆರೋಪಗಳ ತನಿಖೆ ನಡೆಸಿದ ಕುಲದೀಪ್ ಸಿಂಗ್ ಆಯೋಗದ ವರದಿ ಅವರ ವಿರುದ್ಧ ಬಂದುದರಿಂದ 1990ರಲ್ಲಿ ಆ ಹುದ್ದೆಯನ್ನೂ ಬಿಟ್ಟರು. 1991ರಲ್ಲಿ ಬಾಗಲಕೋಟೆಯಲ್ಲಿ ಸೋತರು. 1996ರಲ್ಲಿ ಜನತಾ ದಳದಿಂದ ಉಚ್ಚಾಟಿತರಾದರು, ಆಮೇಲೆ ಲೋಕಶಕ್ತಿ ಪಕ್ಷ ಕಟ್ಟಿದರು, 1998ರಲ್ಲಿ ವಾಜಪೇಯಿ ಸಂಪುಟದಲ್ಲಿ ವಾಣಿಜ್ಯ ಸಚಿವರಾದರು. 2004ರ ಜನವರಿ 12ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಪ್ರಶ್ನೆ: ಕದ್ದಾಲಿಸಿದ್ದು ಪೊಲೀಸರು. ಅದಕ್ಕೆ ಮುಖ್ಯಮಂತ್ರಿ ಏಕೆ ಹೊಣೆಯಾಗಬೇಕು? ಕಾನೂನು ಹಾಗೆ ಹೇಳುತ್ತದೆಯೇ?

ಉತ್ತರ: ಆರೋಪ ಬಂದ ಮಾತ್ರಕ್ಕೆ ರಾಜೀನಾಮೆ ಕೊಡಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಸಂವಿಧಾನದ 164ನೇ ವಿಧಿಯ ಪ್ರಕಾರ ಸಚಿವ ಸಂಪುಟ ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರುತ್ತದೆ. ಎರಡು ವರ್ಷ ಅಥವಾ ಹೆಚ್ಚಿನ ಜೈಲು ಶಿಕ್ಷೆಯಾದರೆ ಜನಪ್ರಾತಿನಿಧ್ಯ ಕಾಯ್ದೆಯಡಿ ಸದಸ್ಯತ್ವವೇ ಹೋಗುತ್ತದೆ, ಮತ್ತು ಸುಪ್ರೀಂ ಕೋರ್ಟಿನ 2013ರ ಲಿಲಿ ಥಾಮಸ್ ತೀರ್ಪಿನ ನಂತರ ಮೇಲ್ಮನವಿಯ ನೆಪದಲ್ಲಿ ಅದನ್ನು ತಾನಾಗಿ ಮುಂದೂಡುವ ಅವಕಾಶವಿಲ್ಲ. ಇವೆರಡರ ನಡುವಿನ ವಿಶಾಲವಾದ ಜಾಗವನ್ನು ಕಾನೂನು ರಾಜಕೀಯ ವಿವೇಕಕ್ಕೆ ಬಿಟ್ಟಿದೆ.

ಕದ್ದಾಲಿಕೆಯ ವಿಷಯದಲ್ಲಿ ಆಗ ಜಾರಿಯಲ್ಲಿದ್ದದ್ದು 1885ರ ಟೆಲಿಗ್ರಾಫ್ ಕಾಯ್ದೆ. ಸಾರ್ವಜನಿಕ ತುರ್ತು ಅಥವಾ ಸಾರ್ವಜನಿಕ ಸುರಕ್ಷತೆಯ ಕಾರಣವಿದ್ದರಷ್ಟೇ ಸಂದೇಶಗಳನ್ನು ತಡೆದು ಕೇಳಬಹುದೆಂದು ಅದರ 5ನೇ ಕಲಮು ಹೇಳುತ್ತಿತ್ತು, ಆದರೆ ಯಾರು ಸಹಿ ಹಾಕಬೇಕು, ಎಷ್ಟು ದಿನ ಕೇಳಬಹುದು, ಅದನ್ನು ಪರಿಶೀಲಿಸುವವರು ಯಾರು ಎಂಬ ನಿಯಮಗಳನ್ನು ಸರ್ಕಾರಗಳು ರೂಪಿಸಿಯೇ ಇರಲಿಲ್ಲ. 1996ರ ಡಿಸೆಂಬರ್‌ನಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಕೊರತೆ ತುಂಬಿತು: ಗೃಹ ಕಾರ್ಯದರ್ಶಿಯ ಲಿಖಿತ ಆದೇಶ ಬೇಕು, ಆದೇಶ ಎರಡು ತಿಂಗಳಿಗೆ ಸೀಮಿತ, ವಿಸ್ತರಿಸಿದರೂ ಒಟ್ಟು ಆರು ತಿಂಗಳು ಮೀರಬಾರದು, ಪರಿಶೀಲನಾ ಸಮಿತಿ ಅದನ್ನು ನೋಡಬೇಕು. ಆದೇಶಕ್ಕೆ ಸಹಿ ಹಾಕುವ ಅಧಿಕಾರಿ ಸದನದಲ್ಲಿ ನಿಂತು ಉತ್ತರ ಕೊಡಲಾರ. ಶಾಸಕರು ಪ್ರಶ್ನೆ ಕೇಳಬಹುದಾದದ್ದು ಸಚಿವರನ್ನು ಮಾತ್ರ. ಹೀಗಿರುವಾಗ ‘ನನಗೆ ತಿಳಿಯದೆ ನಡೆಯಿತು’ ಎಂಬ ಉತ್ತರವನ್ನು ಸದನ ಒಪ್ಪಿಕೊಂಡರೆ, ಕೇಳುವುದಕ್ಕೆ ಯಾರೂ ಉಳಿಯುವುದಿಲ್ಲ.