ನಾಲ್ವರ ಟೀಮ್ ಎದುರು ರ್‍ಯಾಂಡಮ್ ಸ್ಕ್ವಾಡ್

ಪ್ರಶ್ನೆ: ಅಣ್ಣಾ, ನಾನು ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುತ್ತೇನೆ. ರಾತ್ರಿ ಊಟ ಮುಗಿಸಿ ಮೊಬೈಲ್‌ನಲ್ಲಿ ಬಿಜಿಎಂಐ ಅನ್ನೋ ಗುಂಡಿನ ಕಾಳಗದ ಆಟ ಆಡುತ್ತೇನೆ. ಜೊತೆಗಾರರಿಲ್ಲ, ಹಾಗಾಗಿ ಯಾವಾಗಲೂ ಗೊತ್ತಿಲ್ಲದವರನ್ನು ಆಟವೇ ಜೋಡಿಸಿಕೊಡುವ ರ್‍ಯಾಂಡಮ್ ಸ್ಕ್ವಾಡ್. ಪಕ್ಕಾ ನಾಲ್ವರ ಟೀಮ್ ಎದುರಾದರೆ ಕ್ಷಣದಲ್ಲಿ ಸತ್ತು ಲಾಬಿಗೆ, ಅಂದರೆ ಶುರುವಿನ ಪರದೆಗೆ ವಾಪಸ್. ಅವರ ಕೈ ಅಷ್ಟು ಚುರುಕಾ? ಇದು ನ್ಯಾಯಾನಾ?
– ಓದುಗ, ಗಂಗಾವತಿ

ಉತ್ತರ: ಕೈಗಿಂತ ಬಾಯಿ ಚುರುಕು, ತಮ್ಮಾ. ಬಳ್ಳಾರಿಯಲ್ಲಿ ನನ್ನ ಮೊಬೈಲ್ ರಿಪೇರಿ ಅಂಗಡಿಯ ಬೆಂಚಿನ ಮೇಲೆ ಸಂಜೆ ನಾಲ್ಕು ಹುಡುಗರು ಕೂತು ಆಡುತ್ತಾರೆ. ಅವರ ಮಾತು ಕೇಳಬೇಕು ನೀನು. “315, ಮರದ ಹಿಂದೆ, ಒಬ್ಬನೇ.” ಅಷ್ಟೇ. ಪರದೆಯ ಮೇಲಿನ ದಿಕ್ಸೂಚಿ ನೋಡಿ ಹೇಳುವ ಅಂಕಿ ಅದು. ನಾಲ್ಕೂ ಬಂದೂಕು ಆ ಮರದ ಕಡೆ ತಿರುಗುತ್ತವೆ. ರ್‍ಯಾಂಡಮ್‌ನಲ್ಲಿ? “ಅಲ್ಲಿದ್ದಾನೆ, ಅಲ್ಲಿದ್ದಾನೆ!” ಎಲ್ಲಿ ಅಂತ ಹುಡುಕುವಷ್ಟರಲ್ಲಿ ನೀನೇ ನಾಕ್, ಅಂದರೆ ನೆಲಕ್ಕೆ.

ಲೆಕ್ಕ ಹಾಕಿ ನೋಡು. ಒಬ್ಬ ಇನ್ನೊಬ್ಬನನ್ನು ಬೀಳಿಸಲು 4 ಸೆಕೆಂಡ್ ಬೇಕು ಅಂತಿಟ್ಟುಕೋ. ನೀವು ನಾಲ್ವರೂ ಬೇರೆ ಬೇರೆಯವರಿಗೆ ಹೊಡೆದರೆ, ಎದುರಿನ ನಾಲ್ಕೂ ಬಂದೂಕು 4 ಸೆಕೆಂಡ್ ಪೂರ್ತಿ ಸಿಡಿಯುತ್ತವೆ. ಒಟ್ಟು 16 ಸೆಕೆಂಡಿನ ಗುಂಡು ನಿಮ್ಮ ಮೇಲೆ. ಸೇರಿ ಒಬ್ಬೊಬ್ಬನನ್ನೇ ಹಿಡಿದರೆ ಸೆಕೆಂಡಿಗೊಬ್ಬ ಬೀಳುತ್ತಾನೆ. ಮೊದಲು ಬೀಳುವವನ ಗುಂಡು 1 ಸೆಕೆಂಡ್, ಕೊನೆಯವನದು 4; 1, 2, 3, 4 ಕೂಡಿಸು, 10 ಸೆಕೆಂಡ್ ಮಾತ್ರ. ಕೈ ಅದೇ, ಗನ್ ಅದೇ! ಇಂಗ್ಲೆಂಡಿನ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ 1916ರಲ್ಲೇ, ನಿಜವಾದ ಯುದ್ಧದ ನಡುವೆ, ಇಂಥ ಲೆಕ್ಕವನ್ನು ಸಮೀಕರಣ ಮಾಡಿ ಬರೆದಿದ್ದರು.

ಇನ್ನು ನ್ಯಾಯದ ಮಾತು. ಗೆಳೆಯರು ಸೇರಿ ಆಡುವುದು ತಪ್ಪಲ್ಲ. ಆದರೆ ಅವರನ್ನು ನಿನ್ನಂಥ ಒಂಟಿಗರ ಎದುರು ತಂದು ನಿಲ್ಲಿಸುವುದು ಸರಿಯಲ್ಲ ಅಂತ ನಾನು ಗಟ್ಟಿಯಾಗೇ ಹೇಳುತ್ತೇನೆ. ಕಂಪ್ಯೂಟರ್ ಆಟ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಒಂದೊಂದು ಕಡೆ 40 ಜನರ ಯುದ್ಧಗಳಿವೆ. ಅಲ್ಲಿ 5 ಜನಕ್ಕಿಂತ ಜಾಸ್ತಿ ಒಟ್ಟಿಗೆ ಪಂದ್ಯಕ್ಕೆ ಕಾಯುವ ಸಾಲಿಗೆ ಸೇರುವಂತಿಲ್ಲ. ಅದಕ್ಕೂ ಒಳದಾರಿ ಹುಡುಕಿದರು. ಐದೈದು ಜನರ ಗುಂಪುಗಳು ಮೊದಲೇ ಮಾತಾಡಿಕೊಂಡು ಒಂದೇ ಪಂದ್ಯಕ್ಕೆ ಬೀಳಲಿ ಅಂತ ಒಂದೇ ಹೊತ್ತಿಗೆ ಬಟನ್ ಒತ್ತಿದವು. ಹಾಗಾಗಿ ಮಿತಿ ಹಾಕಿದರೆ ಸಾಲದು; ಕಾಯುವುದು ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ, ಪೂರ್ತಿ ಟೀಮ್‌ಗೆ ಪೂರ್ತಿ ಟೀಮನ್ನೇ ಜೋಡಿಸಬೇಕು.

ಅಲ್ಲಿಯವರೆಗೆ ಎದುರಾಳಿ ಇರುವ ಜಾಗಕ್ಕೆ ಗುರುತು ಹಾಕುವ ಬಟನ್ ಬಳಸು. ರ್‍ಯಾಂಡಮ್‌ನಲ್ಲಿ ಒಬ್ಬನ ಮಾತು ಹಿಂದಿ, ಇನ್ನೊಬ್ಬನದು ತೆಲುಗು. ಗುರುತು ಮಾತ್ರ ಎಲ್ಲರಿಗೂ ಕಾಣುತ್ತೆ ಅಲ್ವಾ? ಯಾರಾದರೂ ಗುರುತು ಹಾಕಿದರೆ ನಿನ್ನ ಬೇಟೆ ಬಿಟ್ಟು ಆ ಗುರುತಿನಲ್ಲಿರುವ ಎದುರಾಳಿಗೇ ಹೊಡಿ. ಹಾಗೆ ಜೊತೆ ಕೊಟ್ಟವನಿಗೆ ಪಂದ್ಯ ಮುಗಿದ ಕೂಡಲೇ ಫ್ರೆಂಡ್ ರಿಕ್ವೆಸ್ಟ್ ಕಳಿಸು.