ಹೊಸ ಬ್ಯಾಟರಿ ತರುವ ಮೊದಲು ಲಗ್ ಮುಟ್ಟಿ ನೋಡಿ

ಪ್ರಶ್ನೆ: ನಮ್ಮದು ಸಣ್ಣ ಟ್ರಾಲ್ ಬೋಟ್, 12 ವೋಲ್ಟಿನ ಸ್ಟಾರ್ಟರ್. ಜೂನ್ 1ರಿಂದ ಜುಲೈ 31ರ ತನಕದ ನಿಷೇಧದ ರಜೆಯಲ್ಲಿ ಧಕ್ಕೆಯಲ್ಲೇ ಕಟ್ಟಿಟ್ಟಿದ್ದೆವು. ಈಗ ಕೀ ತಿರುಗಿಸಿದರೆ ‘ಟಕ್’ ಎಂದು ಒಂದು ಸದ್ದು, ಅಷ್ಟೇ. ಕಳೆದ ವರ್ಷವೂ ಹೀಗಾಗಿ ಹೊಸ ಬ್ಯಾಟರಿ ಹಾಕಿಸಿದ್ದೆ. ಮನೆಯ ಇನ್ವರ್ಟರಿಗೆ ಹಾಕುವ ಟ್ಯೂಬುಲರ್ ಬ್ಯಾಟರಿ ಹೆಚ್ಚು ಬಾಳಿಕೆ ಬರುತ್ತದೆ ಎನ್ನುತ್ತಾರೆ. ಹಾಕಬಹುದೇ?
– ಓದುಗರು, ಮಲ್ಪೆ

ಉತ್ತರ: ಒಂದೇ ವರ್ಷಕ್ಕೆ ಬ್ಯಾಟರಿ ಹಾಳಾಗಿದ್ದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಅದನ್ನು ಹುಡುಕದೆ ಹೊಸದು ಹಾಕಿದರೆ ಬರುವ ಆಟಿಗೂ (ಮಳೆಗಾಲದ ತುಳು ತಿಂಗಳು) ಇದೇ ಕತೆ. ಮಲ್ಟಿಮೀಟರ್ ಹಿಡಿದು ಬೋಟಿಗೆ ಇಳಿಯಿರಿ.

ಮೊದಲು ಬ್ಯಾಟರಿ ಚಾರ್ಜ್ ಮಾಡಿ, ಒಂದು ರಾತ್ರಿ ಯಾವ ಲೋಡೂ ಇಲ್ಲದೆ ಬಿಟ್ಟು ಅಳೆಯಿರಿ. 12.6 ವೋಲ್ಟ್ ಆಸುಪಾಸು ಬಂದರೆ ತುಂಬಿದೆ. 12.2 ಎಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಹಿಡಿಯುತ್ತಿಲ್ಲ. ಇಷ್ಟಕ್ಕೇ ನಿಲ್ಲಿಸಬೇಡಿ. ಇನ್ನೊಬ್ಬರಿಗೆ ಕೀ ತಿರುಗಿಸಲು ಹೇಳಿ, ಆ ಹೊತ್ತಿನಲ್ಲೇ ಮೀಟರ್ ನೋಡಿ. ಇಂಜಿನ್ ತಿರುಗುವಾಗ ಬ್ಯಾಟರಿಯಲ್ಲಿ 9.6 ವೋಲ್ಟಿಗಿಂತ ಮೇಲೆ ಇರಬೇಕು. ಅದಕ್ಕಿಂತ ಕೆಳಕ್ಕೆ ಕುಸಿದರೆ ಬ್ಯಾಟರಿಯ ಮೇಲೆ, ಇಲ್ಲವೇ ಜಾಮ್ ಆಗಿ ಹೆಚ್ಚು ಕರೆಂಟ್ ಎಳೆಯುವ ಸ್ಟಾರ್ಟರ್ ಮೇಲೆ ಸಂಶಯ. ಕುಸಿಯದೆ 12ರ ಹತ್ತಿರವೇ ನಿಂತು ‘ಟಕ್’ ಎಂದರೆ ಬ್ಯಾಟರಿಯ ತಪ್ಪಿಲ್ಲ. ಕರೆಂಟು ಸ್ಟಾರ್ಟರ್ ತನಕ ಹೋಗುತ್ತಿಲ್ಲ.

ನಮ್ಮ ಕರಾವಳಿಯಲ್ಲಿ ಈ ಎರಡನೆಯದೇ ಹೆಚ್ಚು. ಹಿಂದೊಮ್ಮೆ ಮಲ್ಪೆ ಧಕ್ಕೆಯಲ್ಲಿ ಒಂದು ಬೋಟಿಗೆ ಎರಡು ಬ್ಯಾಟರಿ ಬದಲಾಯಿಸಿದ ಮೇಲೆ ನನ್ನನ್ನು ಕರೆದಿದ್ದರು. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿಗೆ, ಇನ್ನೊಂದು ಇಂಜಿನ್ ಬ್ಲಾಕಿಗೆ ಹಿಡಿದು ಕೀ ತಿರುಗಿಸಿದರೆ 1.8 ವೋಲ್ಟ್! ಅಲ್ಲಿ ಅರ್ಧ ವೋಲ್ಟ್ ಕೂಡ ಇರಬಾರದು. ಕೀ ಬಿಟ್ಟು ಅರ್ಥ್ ಕೇಬಲಿನ ಲಗ್, ಅಂದರೆ ತುದಿಗೆ ಹಾಕಿದ ಲೋಹದ ಕಿವಿ, ಮುಟ್ಟಿದರೆ ಬಿಸಿ. ರಬ್ಬರ್ ಸೀಳಿದಾಗ ಒಳಗೆ ತಾಮ್ರದ ಎಳೆಗಳು ಕಪ್ಪಾಗಿದ್ದವು, ಉಗುರಿನಿಂದ ಕೆರೆದರೆ ಹಸಿರು ಪುಡಿ ಉದುರುತ್ತಿತ್ತು. ಹೊರಗಿನಿಂದ ಲಗ್ ಹೊಸದರಂತೆಯೇ ಇತ್ತು. ಕೇಬಲ್ ಬದಲಿಸಿದ್ದೇ ತಡ, ಇಂಜಿನ್ ಮೊದಲ ತಿರುವಿಗೇ ಹಿಡಿಯಿತು. ತೆಗೆದಿಟ್ಟಿದ್ದ ಹಳೆಯ ಬ್ಯಾಟರಿಯಲ್ಲೂ ಹಿಡಿಯಿತು. ಅದಕ್ಕೇ ಹೇಳುವುದು: ತವರ ಲೇಪಿಸಿದ ತಾಮ್ರದ ಕೇಬಲನ್ನೇ ಕೊಳ್ಳಿ, ಲಗ್ಗನ್ನು ಸುತ್ತಿಗೆಯಲ್ಲಿ ಬಡಿಯದೆ ಅದರದೇ ಉಪಕರಣದಲ್ಲಿ ಒತ್ತಿ ಕ್ರಿಂಪ್ ಮಾಡಿಸಿ, ಟರ್ಮಿನಲ್ ಬಿಗಿದ ಮೇಲೆ ಹೊರಗಿನಿಂದ ವ್ಯಾಸಲೀನ್ ಸವರಿ.

ಟ್ಯೂಬುಲರ್ ವಿಚಾರಕ್ಕೆ ಬರೋಣ. ಸ್ಟಾರ್ಟ್ ಮಾಡುವ ಬ್ಯಾಟರಿಯಲ್ಲಿ ತೆಳ್ಳಗಿನ ಪ್ಲೇಟುಗಳು ತುಂಬಾ ಇರುತ್ತವೆ. ಕೆಲವೇ ಸೆಕೆಂಡಿನಲ್ಲಿ ನೂರಾರು ಆಂಪಿಯರ್ ಕೊಡಬಲ್ಲವು. ಟ್ಯೂಬುಲರ್‌ನದು ದಪ್ಪ ಪ್ಲೇಟು. ಗಂಟೆಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಕೊಡಲು ಅದು ಒಳ್ಳೆಯದು, ಒಮ್ಮೆಗೇ ಎಳೆದರೆ ವೋಲ್ಟೇಜ್ ಬಿದ್ದುಹೋಗುತ್ತದೆ. ಹಾಗಾಗಿ ಇಂಜಿನ್ ಸ್ಟಾರ್ಟ್ ಮಾಡಲು ಬೇಡ. ದೀಪ, ವೈರ್‌ಲೆಸ್, ಜಿಪಿಎಸ್, ಮೀನು ತೋರಿಸುವ ಯಂತ್ರ ಇವುಗಳಿಗೆ ಬೇಕಾದರೆ ಇರಲಿ. ಆದರೆ ಎರಡೂ ಬೇರೆ ಬೇರೆ ಇರಬೇಕು, ನಡುವೆ ಒಂದರ ಚಾರ್ಜ್ ಇನ್ನೊಂದಕ್ಕೆ ಹರಿಯದಂತೆ ತಡೆಯುವ ಐಸೊಲೇಟರ್ ಇರಬೇಕು. ರಾತ್ರಿಯಿಡೀ ದೀಪ ಉರಿಸಿದ ಬ್ಯಾಟರಿಯನ್ನೇ ನಂಬಿ ಅಳಿವೆ ಬಾಯಿಗೆ ಬಂದು, ಅಲ್ಲಿ ಇಂಜಿನ್ ನಿಂತು ಮತ್ತೆ ಹಿಡಿಯದಿದ್ದರೆ ಅಲೆ ಬೋಟನ್ನು ಕಲ್ಲಿಗೇ ಒಯ್ಯುತ್ತದೆ. ಒಳಗಿರುವವರ ಜೀವದ ಪ್ರಶ್ನೆ ಇದು. ಇನ್ನೊಂದು ಮಾತು, ಇಂಜಿನ್ ಓಡುತ್ತಿರುವಾಗ ಬ್ಯಾಟರಿ ಸ್ವಿಚ್ಚನ್ನು ಪೂರ್ತಿ ಆಫ್ ಮಾಡಬೇಡಿ, ಆಲ್ಟರ್ನೇಟರಿನ ಡಯೋಡ್ ಸುಡುತ್ತದೆ.

ಮುಂದಿನ ರಜೆಗೆ ಬ್ಯಾಟರಿಯನ್ನು ಬಿಚ್ಚಿ ಮನೆಗೆ ತನ್ನಿ, ತಿಂಗಳಿಗೊಮ್ಮೆಯಾದರೂ ಚಾರ್ಜ್ ಮಾಡಿ. ಬಳಸದಿದ್ದರೂ ಚಾರ್ಜ್ ತಾನಾಗಿ ಇಳಿಯುತ್ತದೆ. ಖಾಲಿಯಾಗಿಯೇ ಎರಡು ತಿಂಗಳು ಕುಳಿತರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ, ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಹಿಡಿಯುವುದಿಲ್ಲ. ಕಳೆದ ವರ್ಷ ನಿಮ್ಮಲ್ಲಿ ಆಗಿದ್ದೂ ಇದೇ ಇರಬಹುದು. ಚಾರ್ಜ್ ಮಾಡುವ ಕೋಣೆಗೆ ಗಾಳಿ ಬೇಕು, ಹತ್ತಿರ ಬೆಂಕಿ ಬೇಡ, ಏಕೆಂದರೆ ಹೊರಬರುವುದು ಹೈಡ್ರೋಜನ್. ಕಡಿಮೆಯಾದಾಗ ಹಾಕಬೇಕಾದ್ದು ಡಿಸ್ಟಿಲ್ಡ್ ವಾಟರ್ ಮಾತ್ರ. ಬೋಟಿನಲ್ಲಿ ಬ್ಯಾಟರಿಯೊಳಗೆ ಉಪ್ಪುನೀರು ಹೋದರೆ ಕ್ಲೋರಿನ್ ಎಂಬ ವಿಷದ ಗಾಳಿ ಹುಟ್ಟುತ್ತದೆ. ಪೆಟ್ಟಿಗೆಯನ್ನು ಬೋಟಿನ ತಳದಲ್ಲಿ ನಿಲ್ಲುವ ಬಿಲ್ಜ್ ನೀರಿಗಿಂತ ಎತ್ತರದಲ್ಲೇ ಕಟ್ಟಿ.

ಪ್ರಶ್ನೆ: ಎರಡು ಸಿಲಿಂಡರಿನ ಡೀಸೆಲ್ ಇಂಜಿನ್ ಇರುವ ಸಣ್ಣ ಹಾಯಿದೋಣಿ ನನ್ನದು. ಸ್ಟಾರ್ಟರ್ ಚುರುಕಾಗಿ ತಿರುಗುತ್ತದೆ, ಇಂಜಿನ್ ಮಾತ್ರ ಹಿಡಿಯುವುದಿಲ್ಲ.
– ಓದುಗರು, ಮಂಗಳೂರು

ಉತ್ತರ: ಚುರುಕಾಗಿ ತಿರುಗುತ್ತದೆ ಎಂದಾದರೆ ಬ್ಯಾಟರಿಯನ್ನು ಬಿಡಿ, ಎಕ್ಸಾಸ್ಟ್ ನೋಡಿ. ಹೊಗೆಯೇ ಇಲ್ಲವೆಂದರೆ ಡೀಸೆಲ್ ಒಳಗೆ ಹೋಗುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ. ಆಗ ಸ್ಟಾರ್ಟಿಗೆ ಮೊದಲು ಸಿಲಿಂಡರ್ ಬಿಸಿ ಮಾಡುವ ಗ್ಲೋ ಪ್ಲಗ್ ಇದ್ದರೆ ಅದನ್ನು, ಆಮೇಲೆ ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ ಒತ್ತುವ ಒತ್ತಡ) ನೋಡಿಸಿ.

ಹೊಗೆ ಇಲ್ಲದಿದ್ದರೆ ಮೊದಲು ಇಂಜಿನ್ ನಿಲ್ಲಿಸಲು ಎಳೆಯುವ ಸ್ಟಾಪ್ ನಾಬನ್ನು ಮತ್ತೆ ಒಳಗೆ ತಳ್ಳಿದ್ದೀರಾ ಎಂದು ನೋಡಿ. ಎಷ್ಟೋ ಸಲ ಅದೇ. ಆಮೇಲೆ ಟ್ಯಾಂಕಿನ ವಾಲ್ವ್, ಡೀಸೆಲಿನಿಂದ ನೀರು ಬೇರ್ಪಡಿಸುವ ಸೆಪರೇಟರ್ ಬಟ್ಟಲಿನ ತಳದ ನೀರು ನೋಡಿ. ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಯಲ್ಲಿ ತೇವ ಹನಿಗಟ್ಟಿ ಡೀಸೆಲ್ ಸೇರುತ್ತದೆ. ನಂತರ ಡೀಸೆಲ್ ಪೈಪಿನಲ್ಲಿ ಸಿಕ್ಕಿಕೊಂಡ ಏರ್ ತೆಗೆಯಿರಿ: ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಲಿಫ್ಟ್ ಪಂಪಿನ ಸಣ್ಣ ಲಿವರ್ ಒತ್ತುತ್ತಾ, ನೊರೆ ನಿಂತು ಬರೀ ಡೀಸೆಲ್ ಬರುವ ತನಕ ಬಿಡದೆ ಒತ್ತಿ, ಒತ್ತುತ್ತಿರುವಾಗಲೇ ಬಿಗಿಯಿರಿ. ಆಮೇಲೆ ಇಂಜೆಕ್ಷನ್ ಪಂಪಿನಲ್ಲಿ, ಕೊನೆಗೆ ಇಂಜೆಕ್ಟರ್ ನಟ್ಟಿನಲ್ಲಿ ಏರ್ ತೆಗೆಯಿರಿ. ಇಂಜೆಕ್ಟರ್ ಹತ್ತಿರ ಕೈ ಅಡ್ಡ ಹಿಡಿಯಬೇಡಿ.

ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಸ್ಟಾರ್ಟರ್ ತಿರುಗಿಸಬೇಡಿ, ನಡುವೆ ಒಂದು ನಿಮಿಷ ಬಿಡಿ. ನಿಮ್ಮ ಎಕ್ಸಾಸ್ಟಿಗೆ ಹೊಳೆನೀರು ಸೇರಿಸುವ ವ್ಯವಸ್ಥೆ ಇದ್ದರೆ ಇನ್ನೂ ಜೋಪಾನ. ಇಂಜಿನ್ ಹಿಡಿಯದೆ ತಿರುಗುತ್ತಲೇ ಇದ್ದರೆ ಪಂಪು ನೀರು ತರುತ್ತದೆ, ಅದನ್ನು ಹೊರದೂಡುವ ಹೊಗೆಯ ಒತ್ತಡ ಇರುವುದಿಲ್ಲ. ನೀರು ಮಫ್ಲರ್ ತುಂಬಿ ಸಿಲಿಂಡರಿಗೇ ಹಿಂದಿರುಗಿ ಕನೆಕ್ಟಿಂಗ್ ರಾಡ್ ಬಗ್ಗಬಹುದು. ಮೂರ್ನಾಲ್ಕು ಸಲ ಆದ ಮೇಲೆ ನೀರಿನ ಸೀ ಕಾಕ್ (ಹೊರಗಿನ ನೀರು ಒಳಬರುವ ವಾಲ್ವ್) ಮುಚ್ಚಿ ಪ್ರಯತ್ನಿಸಿ. ಇಂಜಿನ್ ಹಿಡಿದ ಕೂಡಲೇ ತೆರೆಯಿರಿ, ತಡವಾದರೆ ಪಂಪಿನ ರಬ್ಬರ್ ಇಂಪೆಲ್ಲರ್ ಸುಟ್ಟುಹೋಗುತ್ತದೆ. ಮುಚ್ಚುವಾಗಲೇ ಕೀಗೆ ಒಂದು ಬಟ್ಟೆ ಕಟ್ಟಿಡಿ, ತೆರೆಯುವುದು ನೆನಪಾಗುತ್ತದೆ.